ಲೆಸೊಥೊದ ಕಲ್ಲುಕಟ್ಟೆಯ ಕೈತೋಟ

ಲೆಸೊಥೊ ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗಿರುವ ಪುಟ್ಟ ಬೆಟ್ಟದ ದೇಶ. ಅಲ್ಲಿನ ಅತಿ ತಗ್ಗಿನ ಜಾಗವೂ ಸಮುದ್ರಮಟ್ಟದಿಂದ 1,400 ಮೀಟರ್ ಎತ್ತರದಲ್ಲಿದೆ. ಉಳಲು ಬರುವ ನೆಲ ಸುಮಾರು ಹತ್ತರಲ್ಲೊಂದು ಪಾಲು. ಅದರಲ್ಲೂ ಎಷ್ಟೋ ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋಗಿ ಕೊರಕಲು ಬಿದ್ದಿದೆ. ಗಂಡಸರು ತಲೆಮಾರುಗಳ ಕಾಲ ಪಕ್ಕದ ದೇಶದ ಚಿನ್ನದ ಗಣಿಗಳಿಗೆ ದುಡಿಯಲು ಹೋದರು. ಹೊಲ, ಮನೆ, ಮಕ್ಕಳು ಹೆಂಗಸರ ಪಾಲಿಗೆ ಬಂದವು. ಹೀಗಿದ್ದೂ, 2006ರಲ್ಲಿ ಕಾನೂನು ಬದಲಾಗುವವರೆಗೆ ಮದುವೆಯಾದ ಹೆಣ್ಣು ಅಲ್ಲಿ ಗಂಡನ ಅಧೀನದಲ್ಲಿರುವ ಅಪ್ರಾಪ್ತೆಯೇ. ಇಂಥವಳಿಗೆ ಬಾಗಿಲ ಮುಂದಿನ ನಾಲ್ಕು ಮೊಳ ಜಾಗ ಎಷ್ಟು ದೊಡ್ಡದೆಂದು ಯೋಚಿಸಿ.

ಆ ಜಾಗದಲ್ಲಿ ಅಲ್ಲಿನ ಹೆಂಗಸರು ಕಟ್ಟುವುದೇ ‘ಕೀಹೋಲ್’ ತೋಟ. ನೆಲ ಕೆಟ್ಟಿದ್ದರೆ ಮಣ್ಣನ್ನೇ ಹೊಸದಾಗಿ ಮಾಡಿಕೊಳ್ಳಬೇಕು ಎಂಬುದು ಇದರ ತಿರುಳು.

ಸುಮಾರು 2 ಮೀಟರ್ ಅಗಲದ ದುಂಡನೆಯ ಕಲ್ಲಿನ ಕಟ್ಟೆ, ಸೊಂಟದೆತ್ತರ. ಒಂದು ಕಡೆ ಒಳಕ್ಕೆ ನಡೆಯುವಷ್ಟು ಸಂದು; ಮೇಲಿನಿಂದ ನೋಡಿದರೆ ಬೀಗದ ಕಿಂಡಿಯಂತೆ ಕಾಣುವುದಕ್ಕೇ ‘ಕೀಹೋಲ್’ ಎಂಬ ಹೆಸರು. ನಟ್ಟನಡುವೆ ಕಡ್ಡಿ, ಹುಲ್ಲಿನಿಂದ ಹೆಣೆದ ಬುಟ್ಟಿ. ಕಟ್ಟೆಯ ತಳದಲ್ಲಿ ನೀರು ಬಸಿಯಲು ಕಲ್ಲು; ಅದರ ಮೇಲೆ ತುಕ್ಕು ಹಿಡಿದ ಡಬ್ಬಿ, ಮೂಳೆ, ಒಣಹುಲ್ಲು, ಬೂದಿ, ಗೊಬ್ಬರ, ಕೊನೆಗೆ ಮಣ್ಣು. ಕಸವೆಂದು ಎಸೆಯುವ ವಸ್ತುಗಳೇ ಇಲ್ಲಿ ಗಿಡದ ಆಹಾರ: ಡಬ್ಬಿಯಿಂದ ಕಬ್ಬಿಣ, ಬೂದಿಯಿಂದ ಪೊಟ್ಯಾಶ್. ಅಡುಗೆಮನೆಯ ಸಿಪ್ಪೆ, ಪಾತ್ರೆ ತೊಳೆದ ನೀರು ನಡುವಿನ ಬುಟ್ಟಿಗೆ ಬೀಳುತ್ತವೆ; ಸಾರ ಅಲ್ಲಿಂದ ಸುತ್ತಲಿನ ಬೇರುಗಳಿಗೆ ಇಳಿಯುತ್ತದೆ. ಅದಕ್ಕೇ ಮಣ್ಣನ್ನು ನಡುವಿನಿಂದ ಅಂಚಿಗೆ ಇಳಿಜಾರಾಗಿ ಹರಡಿರುತ್ತಾರೆ. ಹಗಲಿನ ಬಿಸಿಲನ್ನು ಕಲ್ಲುಗಳು ಹೀರಿಕೊಂಡು ರಾತ್ರಿ ಬಿಟ್ಟುಕೊಡುವುದರಿಂದ ಆ ಬೆಟ್ಟದ ಚಳಿಗೂ ಸೊಪ್ಪು ತಡೆಯುತ್ತದೆ.

ಕಟ್ಟೆಯ ಎತ್ತರಕ್ಕೂ ಕಾರಣವಿದೆ. ಎಚ್‌ಐವಿ ಸೋಂಕು ಅತಿ ಹೆಚ್ಚಿರುವ ದೇಶಗಳಲ್ಲಿ ಲೆಸೊಥೊ ಒಂದು. ತಾಯ್ತಂದೆ ಇಲ್ಲದ ಮೊಮ್ಮಕ್ಕಳನ್ನು ಅಜ್ಜಿಯರು ಸಾಕುತ್ತಿದ್ದಾರೆ. ಬೆನ್ನು ಬಾಗಿಸಲಾಗದ ಮುದುಕಿ, ಕಾಯಿಲೆಯಿಂದ ಸೊರಗಿದವಳು ಇಬ್ಬರೂ ನಿಂತೇ ಕಳೆ ಕೀಳಬಹುದು. ಈ ತೋಟದ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿಯೇ. ಕಲ್ಲು ಹೊರುವ ಭಾರದ ಕೆಲಸಕ್ಕೆ ಊರವರನ್ನು ಸೇರಿಸುವ ಮುಯ್ಯಾಳಿನ ಪದ್ಧತಿ ಅಲ್ಲೂ ಇದೆ. ಅದಕ್ಕೆ ‘ಲೆಟ್ಸೆಮಾ’ ಎನ್ನುತ್ತಾರೆ.

ಈ ತೋಟದಿಂದ ಧಾನ್ಯ ಸಿಗದು. ಅಲ್ಲಿನವರ ದಿನದೂಟವಾದ ಮೆಕ್ಕೆಜೋಳದ ಗಟ್ಟಿ ಅಂಬಲಿ ‘ಪಾಪಾ’ಕ್ಕೆ ಹೊಲವೋ ಅಂಗಡಿಯೋ ಬೇಕೇ ಬೇಕು. ಆದರೆ ಅದರ ಜೊತೆ ತಿನ್ನುವ ಸೊಪ್ಪು ‘ಮೊರೊಹೊ’, ಕ್ಯಾರೆಟ್, ಈರುಳ್ಳಿ, ಬೀಟ್‌ರೂಟ್ ಬಾಗಿಲಲ್ಲೇ ಬೆಳೆಯುತ್ತವೆ.

ನಿಮ್ಮದು ಗರಸು ನೆಲವೇ? ಮಾಡಿ ನೋಡುವುದಾದರೆ ಕಟ್ಟೆಯನ್ನು ಅಡುಗೆಮನೆಯ ಬಾಗಿಲಿಗೆ ಹತ್ತಿರವೇ ಕಟ್ಟಿ. ಸೋಪಿನ ಪುಡಿ ಹೆಚ್ಚು ಬೆರೆತ ನೀರನ್ನು ಮಾತ್ರ ಬುಟ್ಟಿಗೆ ಸುರಿಯಬೇಡಿ.