ಮೇಲಣ ಗಾಳಿಯನ್ನು ಅಳೆಯುವ ಬಗೆ

ಗಾಳಿಯು ಕಣ್ಣಿಗೆ ಕಾಣದು. ಅಲುಗುವ ಎಲೆಯಿಂದ ಅದರ ಬೀಸುವಿಕೆಯನ್ನು ತಿಳಿಯುತ್ತೇವೆ. ಹಾಗಾದರೆ ಎಲೆಯಾಗಲಿ ಹಕ್ಕಿಯಾಗಲಿ ಇಲ್ಲದ 100, 200 ಕಿಲೋಮೀಟರು ಎತ್ತರದ ಗಾಳಿಯನ್ನು ತಿಳಿಯುವದು ಹೇಗೆ? ಇದು ನಿಷ್ಪ್ರಯೋಜಕವಾದ ಪ್ರಶ್ನೆಯಲ್ಲ. ಆ ಗಾಳಿಯು ಅಲ್ಲಿಯ ವಿದ್ಯುತ್ಕಣಗಳ ಪದರವನ್ನು ಕದಡಿದರೆ ರೇಡಿಯೋ ಸಂದೇಶಗಳಿಗೆ ಅಡ್ಡಿಯಾಗುವದುಂಟು.

1963ನೆಯ ಇಸವಿ ನವೆಂಬರ್ 21ರ ಸಂಜೆ ತಿರುವನಂತಪುರದ ಬಳಿಯ ತುಂಬಾ ಎಂಬ ಊರಿನಿಂದ ಏರಿದ ರಾಕೆಟ್ಟು ಸೋಡಿಯಂ ಆವಿಯನ್ನು ಆಕಾಶದಲ್ಲಿ ಚೆಲ್ಲಿತು. ಹೊಳೆಯುವ ಆ ಮೋಡವು ಸರಿದ ರೀತಿಯಿಂದ ಗಾಳಿಯನ್ನು ಅಳೆಯುವದೇ ಉದ್ದೇಶವಾಗಿತ್ತು. ಅಲ್ಲಿಯ ಮಗ್ದಲದ ಮರಿಯಳ ದೇವಾಲಯವೇ ಆಗ ವಿಜ್ಞಾನಿಗಳಿಗೆ ಕಾರ್ಯಾಲಯವಾಯಿತೆಂಬದು ನಮ್ಮ ವಾಚಕರಿಗೆ ಸಂತೋಷದ ಸಂಗತಿ. ಆದರೆ ರಾಕೆಟ್ಟು ಒಂದೇ ಸ್ಥಳದ ಗಾಳಿಯನ್ನು ಸ್ವಲ್ಪ ಹೊತ್ತು ಮಾತ್ರ ತೋರಿಸಬಲ್ಲದು.

ಉಪಗ್ರಹಕ್ಕಾದರೋ ಆವಿಯನ್ನು ಚೆಲ್ಲುವ ಅಗತ್ಯವಿಲ್ಲ. ಸೂರ್ಯಕಿರಣಗಳಿಂದ ಒಡೆದ ಆಮ್ಲಜನಕದ ಪರಮಾಣುಗಳು ರಾತ್ರಿಯಲ್ಲಿ ಮರಳಿ ಕೂಡುವಾಗ, ಸುಮಾರು 97 ಕಿಲೋಮೀಟರು ಎತ್ತರದಲ್ಲಿ ಮಂದವಾದ ಹಸುರು ಬೆಳಕು ಹುಟ್ಟುತ್ತದೆ. ಸಮೀಪಿಸುವ ರೈಲಿನ ಸಿಳ್ಳು ಏರುಸ್ವರದಲ್ಲಿಯೂ ದೂರ ಸರಿಯುವಾಗ ಇಳಿಸ್ವರದಲ್ಲಿಯೂ ಕೇಳಿಸುವದಷ್ಟೆ? ಹಾಗೆಯೇ ಗಾಳಿಯು ಉಪಗ್ರಹದ ಕಡೆಗೆ ಬೀಸಿದರೆ ಆ ಬೆಳಕಿನ ಅಲೆಯು ಲೇಶಮಾತ್ರ ಕುಗ್ಗುತ್ತದೆ. ದೂರ ಸರಿದರೆ ಹಿಗ್ಗುತ್ತದೆ. ಸೆಕೆಂಡಿಗೆ 100 ಮೀಟರು ವೇಗದ ಗಾಳಿಯಿಂದಾಗುವ ವ್ಯತ್ಯಾಸವು 30 ಲಕ್ಷದಲ್ಲಿ ಒಂದು ಪಾಲು ಮಾತ್ರ! 1991ರಲ್ಲಿ ಹಾರಿದ ಅಮೇರಿಕದ ಉಪಗ್ರಹದಲ್ಲಿ ಕೆನಡಾ ಮತ್ತು ಫ್ರಾನ್ಸ್ ದೇಶದವರು ಕೂಡಿ ರಚಿಸಿದ 'ವಿಂಡಿ' ಎಂಬ ಯಂತ್ರವು ಇದನ್ನು ಅಳೆಯಿತು. 2019ರಿಂದ 2022ರ ವರೆಗೆ 'ಐಕಾನ್' ಎಂಬ ಉಪಗ್ರಹವು ಇದೇ ಕಾರ್ಯವನ್ನು ನಡಿಸಿತು. ಒಂದು ನೋಟದಿಂದ ಆ ನೋಟದ ನೇರಕ್ಕಿರುವ ವೇಗವಷ್ಟೇ ತಿಳಿಯುವದರಿಂದ, ಒಂದೇ ಸ್ಥಳವನ್ನು ಕೆಲವು ನಿಮಿಷಗಳ ಅಂತರದಲ್ಲಿ ಎರಡು ದಿಕ್ಕುಗಳಿಂದ ನೋಡುತ್ತಾರೆ.

ಇಷ್ಟಾದರೂ ಮುಖ್ಯವಾದ ಲೆಕ್ಕವು ಉಳಿದಿದೆ. ಉಪಗ್ರಹವು ತಾನೇ ಸೆಕೆಂಡಿಗೆ ಸುಮಾರು 7.5 ಕಿಲೋಮೀಟರು ಓಡುತ್ತಿರುತ್ತದೆ. ಗಾಳಿಯ ವೇಗವು ಇದರ ಮುಂದೆ ಅತ್ಯಲ್ಪ. ತನ್ನ ಓಟವನ್ನೂ ಭೂಮಿಯ ತಿರುಗುವಿಕೆಯನ್ನೂ ಸರಿಯಾಗಿ ಕಳೆಯದಿದ್ದರೆ, ಯಂತ್ರವು ಎಷ್ಟೇ ಸೂಕ್ಷ್ಮವಾಗಿದ್ದರೂ ಅದರ ಸಾಕ್ಷ್ಯವು ಸುಳ್ಳಾಗುವದು. ಪರರನ್ನು ಅಳೆಯುವ ಮುಂಚೆ ತನ್ನನ್ನು ಅಳೆದುಕೊಳ್ಳಬೇಕೆಂದು ನಾವು ಸತ್ಯವೇದದ ಪಾಠದಲ್ಲಿ ಕಲಿಸುತ್ತೇವೆ. ಗಣಿತದ ಪಾಠದಲ್ಲಿಯೂ ಅದನ್ನೇ ಕಲಿಸಬೇಕಾಯಿತು.

ರೈಲಿನ ಕಿಟಕಿಯ ಬಳಿ ಕುಳಿತ ಮಗುವು ಮರಗಳು ಓಡುತ್ತವೆಂದು ಹೇಳಿದರೆ, ತಾಯಂದಿರೇ, ನಗಬೇಡಿರಿ. ಓಡುವದು ಯಾವದೆಂದು ಮಗುವನ್ನೇ ಕೇಳಿರಿ.