ಗಂಬೂಟು ಎಷ್ಟು ಮಳೆಗಾಲ ಬಾಳೀತು?

ಔಷಧಿ ಹೊಡೆಯುವ ಪಂಪನ್ನು ತೊಳೆದು, ಎಣ್ಣೆ ಬಿಟ್ಟು, ಗೋಣಿ ಹೊದಿಸಿ ಇಡುವ ನಾವು, ಅದೇ ಕೆಲಸಕ್ಕೆ ತೊಟ್ಟ ಗಂಬೂಟನ್ನು ಮಾತ್ರ ಜಗಲಿಯ ಮೂಲೆಗೆ ಎಸೆದು ಒಳಗೆ ಹೋಗುತ್ತೇವೆ. ಎರಡನೆಯ ಮಳೆಗಾಲಕ್ಕೆ ಅದು ಬಿರುಕು ಬಿಟ್ಟರೆ ಅಂಗಡಿಯವನನ್ನು ದೂರುತ್ತೇವೆ. ನಮ್ಮ ಮಲೆನಾಡಿನಲ್ಲಿ ಪಾದರಕ್ಷೆ ನಡೆದು ಸವೆಯುವುದಕ್ಕಿಂತ ಬಿಚ್ಚಿಟ್ಟ ಮೇಲೆ ಕೆಡುವುದೇ ಹೆಚ್ಚು.

ಇದನ್ನು ನಾವು ಕಲಿತದ್ದು ತಡವಾಗಿ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಬಸಿಗಾಲುವೆ ಬಿಡಿಸುತ್ತಿದ್ದವರೊಬ್ಬರ ಹಿಮ್ಮಡಿಯ ಸಣ್ಣ ಗಾಯ, ಒಡಕು ಬೂಟಿನೊಳಗೆ ದಿನವಿಡೀ ಕೆಸರು ನೀರಲ್ಲಿ ನೆನೆದು ಕೀವಾಯಿತು. ಮೂರು ವಾರ ಅವರಿಗೆ ಕೂಲಿ ಇಲ್ಲದಾಯಿತು. ಬೂಟು ಕೊಟ್ಟವರು ನಾವು. ಬಿರುಕು ನೋಡದೆ ಹೋದವರೂ ನಾವೇ. ಇಲಿಜ್ವರದ ರೋಗಾಣು ಕೂಡ ಇಲಿಯ ಮೂತ್ರ ಬೆರೆತ ನೀರಿನಿಂದ ಇಂಥ ಗಾಯದ ಮೂಲಕವೇ ಮೈ ಹೊಗುವುದೆಂದು ನೆನೆದರೆ, ಅಂದು ಅಷ್ಟರಲ್ಲೇ ಮುಗಿದದ್ದು ಪುಣ್ಯ.

ಬೂಟು ಒಡೆದದ್ದೇಕೆ? ಕೊಳೆರೋಗಕ್ಕೆ ನಾವು ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಇರುವುದು ಎಲ್ಲ ಸದಸ್ಯರಿಗೂ ಗೊತ್ತು. ಮೈಲುತುತ್ತವೆಂದರೆ ತಾಮ್ರ. ತಾಮ್ರವು ಶಿಲೀಂಧ್ರಕ್ಕೆ ಹೇಗೋ ಹಾಗೆ ರಬ್ಬರಿಗೂ ವಿಷವೇ. ಗಾಳಿಯಲ್ಲಿನ ಆಮ್ಲಜನಕ ರಬ್ಬರನ್ನು ನಿಧಾನವಾಗಿ ಹಳತಾಗಿಸುತ್ತಿರುತ್ತದೆ. ತಾಮ್ರದ ಅಂಶ ಸೇರಿದರೆ ಆ ಕೆಲಸ ಬಹಳ ಬೇಗ ನಡೆದು, ಮೊದಲು ಅಂಟಂಟಾಗಿ ಅಥವಾ ಬಿರುಸಾಗಿ, ಕೊನೆಗೆ ಸೀಳುತ್ತದೆ. ರಬ್ಬರ್ ಹಾಲಿಗೆ ತಾಮ್ರ, ಹಿತ್ತಾಳೆ ಪಾತ್ರೆ ಬಳಸಬಾರದೆನ್ನುವುದು ಇದೇ ಕಾರಣಕ್ಕೆ. ಆದಕಾರಣ ಔಷಧಿ ಹೊಡೆದ ದಿನ ಸಂಜೆಯೇ, ನೀಲಿ ಕಲೆ ಒಣಗುವ ಮೊದಲು, ಬೂಟನ್ನು ಸಾಬೂನು ನೀರಿನಲ್ಲಿ ಉಜ್ಜಿ ತೊಳೆಯಬೇಕು. ಅಡಿಯ ಗೀರುಗಳನ್ನೂ ಬಿಡಬಾರದು. ಕಲೆ ಹೋಗಲೆಂದು ಸೀಮೆಎಣ್ಣೆ, ಪೆಟ್ರೋಲು ಹಚ್ಚುವವರಿದ್ದಾರೆ. ಅವು ರಬ್ಬರನ್ನು ಉಬ್ಬಿಸಿ ಸತ್ವ ತೆಗೆಯುತ್ತವೆ. ಕಳೆ ಕೊಚ್ಚುವ ಯಂತ್ರಕ್ಕೆ ಎಣ್ಣೆ ತುಂಬುವಾಗ ಬೂಟಿನ ಮೇಲೆ ಚೆಲ್ಲಿದರೂ ಆಗಲೇ ಒರೆಸಬೇಕು.

ಈಗ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬೂಟುಗಳಲ್ಲಿ ಬಹುಪಾಲು ರಬ್ಬರಿನದಲ್ಲ, ಪಿವಿಸಿಯದು. ತಾಮ್ರ ಅದಕ್ಕೆ ಅಷ್ಟು ಬಾಧಿಸದು, ಬೆಂಕಿಯ ಕಾವು ಆಗದು. ಅದು ತೂತಾದರೆ ಸೈಕಲ್ ಟ್ಯೂಬಿನ ಪಂಕ್ಚರ್ ತೇಪೆ ಹಿಡಿಯುವುದಿಲ್ಲ. ರಬ್ಬರ್ ಬೂಟಿಗಾದರೆ ಚೆನ್ನಾಗಿ ಉಜ್ಜಿ ಹಚ್ಚಿದ ತೇಪೆ ಮತ್ತೊಂದು ಮಳೆಗಾಲ ತಳ್ಳಬಹುದು. ಕೊಳ್ಳುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಒಣಗಿಸುವ ವಿಷಯದಲ್ಲಿ ಹಿರಿಯರ ಕೋಪಕ್ಕೆ ಗುರಿಯಾದರೂ ಹೇಳಲೇಬೇಕು: ಬಚ್ಚಲ ಒಲೆಯ ಬಳಿ ಪಾದರಕ್ಷೆ ಇಡಬೇಡಿ. ಹಸಿ ಚರ್ಮವನ್ನು ಬೇಯಿಸಿದರೆ ಬಡಗಿಯ ಸರೇಸಾಗುತ್ತದೆ. ಹದ ಮಾಡಿದ ಚರ್ಮ ಅಷ್ಟು ಕೆಡದಿದ್ದರೂ, ಒದ್ದೆಯಾಗಿರುವಾಗ ಕಾವು ತಗುಲಿದರೆ ಸೆಡೆತು, ಮರದಂತಾಗಿ, ಮಡಿಚುವಲ್ಲಿ ಒಡೆಯುತ್ತದೆ. ಅಡಿಯ ಅಂಟೂ ಬಿಡುತ್ತದೆ. ಒಳಗಿನ ಅಟ್ಟೆಯನ್ನು ಹೊರತೆಗೆದು, ಹಳೆಯ ಪತ್ರಿಕೆ ತುರುಕಿ, ಅದು ಒದ್ದೆಯಾದಂತೆ ಬದಲಿಸುತ್ತಾ, ಗಾಳಿಯಾಡುವ ನೆರಳಲ್ಲಿ ಇಡಬೇಕು. (ಓದಿ ಮುಗಿಸಿದ ಮೇಲೆ ನಮ್ಮ ಈ ಪತ್ರಿಕೆಯೂ ಆದೀತು.) ಆಷಾಢದಲ್ಲಿ ಒಂದು ರಾತ್ರಿಗೆ ಒಣಗುವುದಿಲ್ಲ. ಎರಡು ಜೊತೆ ಇಟ್ಟು ದಿನ ಬಿಟ್ಟು ದಿನ ತೊಟ್ಟರೆ, ಎರಡೂ ಸೇರಿ ಬಾಳುವ ಕಾಲ ಒಂದರ ಎರಡರಷ್ಟಕ್ಕಿಂತ ಹೆಚ್ಚೇ.

ಚರ್ಮಕ್ಕೆ ಬೂಷ್ಟು ಹಿಡಿದರೆ ಮನೆಯ ಹೊರಗೆ ಬ್ರಷ್ಷಿನಿಂದ ಉದುರಿಸಿ, ವಿನೆಗರ್ ಬೆರೆಸಿದ ನೀರಿನ ಬಟ್ಟೆಯಿಂದ ಒರೆಸಿ, ಪೂರಾ ಒಣಗಿದ ಮೇಲೆ ಮೇಣದ ಪಾಲಿಶ್ ತೆಳ್ಳಗೆ ಹಚ್ಚಿರಿ. ಎಣ್ಣೆ ಸುರಿಯಬೇಡಿ, ಬೂಷ್ಟಿಗೆ ಅದೇ ಊಟ.

ಮದುವೆ ಮುಂಜಿಗೆಂದು ಬೀರುವಿನಲ್ಲಿ ಕಾಪಾಡಿದ ಶೂ, ನಾಲ್ಕಾರು ವರ್ಷದ ನಂತರ ತೊಟ್ಟ ದಿನವೇ ಅಡಿ ಪುಡಿಪುಡಿಯಾದ ಅನುಭವ ಹಲವರಿಗಿದೆ. ಮೋಸ ಹೋದೆವೆಂದು ಕೊರಗಬೇಕಿಲ್ಲ. ಹಗುರವಾದ ಪಾಲಿಯುರೆಥೇನ್ ಅಡಿಯನ್ನು ಗಾಳಿಯ ತೇವವೇ ಒಳಗಿಂದ ಕಡಿದು ಹಾಕುತ್ತದೆ, ತೊಟ್ಟರೂ ತೊಡದಿದ್ದರೂ. ಅಂಥದನ್ನು ಕೂಡಿಡದೆ ತೊಟ್ಟು ಮುಗಿಸುವುದೇ ಲಾಭ.

ಕೊನೆಯದಾಗಿ, ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕೆಲಸದವರ ಬೂಟುಗಳನ್ನೆಲ್ಲ ಅಂಗಳಕ್ಕೆ ತರಿಸಿ, ನೀರು ತುಂಬಿ, ಹೊರಮೈ ಒರೆಸಿ, ಒಣಗಿದ ಗೋಣಿಯ ಮೇಲೆ ಅರ್ಧ ಗಂಟೆ ನಿಲ್ಲಿಸಿರಿ. ಗೋಣಿ ಎಲ್ಲಿ ಒದ್ದೆಯಾಯಿತೋ ಆ ಬೂಟಿಗೆ ಸುಣ್ಣದ ಗುರುತು ಹಾಕಿದರೆ, ತೇಪೆಗೋ ಹೊಸತಿಗೋ ಮಳೆ ಹಿಡಿಯುವ ಮುನ್ನ ಸಮಯ ಸಿಗುತ್ತದೆ.