ನಿನ್ನ ಓದು ನಿನ್ನೊಬ್ಬಳದಲ್ಲ

ಮಗಳೇ, ಬಿಷಪ್ ನಿನಗೆ ಪ್ರೈಮರಿ ಮಕ್ಕಳ ಕ್ಲಾಸ್ ಒಪ್ಪಿಸಿದ್ದು ನನಗೆ ತುಂಬ ಸಂತೋಷ ತಂದಿದೆ. ಭಾನುವಾರ ನಿನ್ನ ಹೆಸರು ಓದಿದಾಗ ಸಭೆಯವರೆಲ್ಲ ಬಲಗೈ ಎತ್ತಿ ಒಪ್ಪಿಗೆ ಕೊಟ್ಟರು. ಮೀಟಿಂಗ್ ಮುಗಿದ ಮೇಲೆ ಮಾತ್ರ ನಿನ್ನ ಮುಖದಲ್ಲಿ ಗಾಬರಿ ಕಂಡಿತು. ‘ದೀಕ್ಷಾಸ್ನಾನ ಆಗಿ ಇನ್ನೂ ವರ್ಷ ತುಂಬಿಲ್ಲ, ನನಗೇ ಏನೂ ಗೊತ್ತಿಲ್ಲ, ಮಕ್ಕಳಿಗೆ ಏನು ಹೇಳಿಕೊಡಲಿ?’ ಅಂದೆ. ಅಲ್ಲೇ ನಿಂತು ಒಂದೆರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನಮ್ಮ ಸಭೆಯ ರೀತಿ ಅರ್ಥಮಾಡಿಕೊ. ಹೊರಗಿನವರು ನಮ್ಮನ್ನು ಮಾರ್ಮನರು ಅನ್ನುತ್ತಾರೆ. ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಎಂಬ ಪೂರ್ತಿ ಹೆಸರನ್ನೇ ಬಳಸಿ ಎಂದು 2018ರಲ್ಲಿ ಆಗಿನ ಅಧ್ಯಕ್ಷರು ರಸೆಲ್ ನೆಲ್ಸನ್ ಒತ್ತಿ ಹೇಳಿದರು. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದ ಫಯೆಟ್‌ನಲ್ಲಿ, ಒಬ್ಬ ರೈತನ ಮನೆಯಲ್ಲಿ, ಜೋಸೆಫ್ ಸ್ಮಿತ್ ಈ ಸಭೆಯನ್ನು ಆರಂಭಿಸಿದರು. ಒಂದೊಂದು ಸ್ಥಳೀಯ ಸಭೆಯನ್ನು ನಾವು ವಾರ್ಡ್ ಅನ್ನುತ್ತೇವೆ. ಇಂದಿಗೂ ಬೆಂಗಳೂರಿನ ವಾರ್ಡಾಗಲಿ, ಸಾಲ್ಟ್ ಲೇಕ್ ಸಿಟಿಯ ವಾರ್ಡಾಗಲಿ, ಸಂಬಳ ತೆಗೆದುಕೊಳ್ಳುವ ಪಾದ್ರಿ ಅಲ್ಲಿಲ್ಲ. ಬಿಷಪ್ ವಾರವಿಡೀ ತಮ್ಮ ಕೆಲಸಕ್ಕೆ ಹೋಗಿ, ಸಂಜೆ ಮತ್ತು ಭಾನುವಾರ ಸಭೆಯ ಕೆಲಸ ನೋಡುತ್ತಾರೆ. ಸಾಮಾನ್ಯವಾಗಿ ಐದು ವರ್ಷ ಕಳೆದರೆ ಆ ಹೊಣೆ ಇನ್ನೊಬ್ಬರಿಗೆ ಹೋಗುತ್ತದೆ. ಭಾನುವಾರ ಎಲ್ಲರೂ ಸೇರುವ ಸೇಕ್ರಮೆಂಟ್ ಮೀಟಿಂಗ್‌ನಲ್ಲಿ ಮಾತಾಡುವವರು ಕೂಡ ನಮ್ಮ ನಿಮ್ಮಂಥವರೇ. ಈ ವಾರ ಬೆಂಚಿನಲ್ಲಿ ಕೂತು ಕೇಳಿದವಳು ಮುಂದಿನ ವಾರ ಮೈಕಿನ ಮುಂದೆ ನಿಲ್ಲುತ್ತಾಳೆ.

ಇದರಿಂದ ಆಗುವುದೇನು ಗೊತ್ತಾ? ನೀನು ಮನೆಯಲ್ಲಿ ಒಬ್ಬಳೇ ಕೂತು ಓದುವ ದೇವರ ವಾಕ್ಯ ಸಭೆಯ ಆಸ್ತಿ. ನಿನಗಾಗಿ ಓದಿ ಹೇಳಲು ಇಲ್ಲಿ ಬೇರೆ ಯಾರೂ ಇಲ್ಲ. ವಾರವೆಲ್ಲ ಗ್ರಂಥ ತೆರೆಯದೆ ಭಾನುವಾರ ಪಾಠಕ್ಕೆ ನಿಲ್ಲುವುದು, ಒಲೆ ಹಚ್ಚದೆ ಪಂಕ್ತಿಯಲ್ಲಿ ಬಡಿಸಲು ನಿಂತ ಹಾಗೆ. ನಾನು ಹೇಳಬೇಕೆಂದಿರುವುದು ಇಷ್ಟೇ: ನೀನು ಓದಿದ್ದು ಆ ವಾರದೊಳಗೆ ಇನ್ನೊಬ್ಬರ ಉಪಯೋಗಕ್ಕೆ ಬರಬೇಕು. ಆ ದೃಷ್ಟಿಯಿಟ್ಟುಕೊಂಡು ಓದಿದರೆ ಓದುವ ರೀತಿಯೇ ಬದಲಾಗುತ್ತದೆ.

2019ರ ಜನವರಿಯಲ್ಲಿ ಭಾನುವಾರದ ಮೂರು ಗಂಟೆಯ ಕಾರ್ಯಕ್ರಮವನ್ನು ಎರಡು ಗಂಟೆಗೆ ಇಳಿಸಿದ್ದು ಕೂಡ ಇದೇ ಉದ್ದೇಶದಿಂದ. ಕಲಿಕೆಯ ಹೆಚ್ಚಿನ ಪಾಲು ಮನೆಯಲ್ಲೇ ಆಗಲಿ ಅಂತ. ‘ಕಮ್, ಫಾಲೋ ಮಿ’ ಪಾಠಗಳು ನಾಲ್ಕು ವರ್ಷಕ್ಕೊಂದು ಸುತ್ತು ಮುಗಿಸುತ್ತವೆ. 2024ರಲ್ಲಿ ಮಾರ್ಮನ್ ಗ್ರಂಥ, 2025ರಲ್ಲಿ ಡಾಕ್ಟ್ರಿನ್ ಅಂಡ್ ಕವೆನೆಂಟ್ಸ್ (ಬೈಬಲಿನ ಜೊತೆ ನಾವು ದೇವರ ವಾಕ್ಯವೆಂದು ಓದುವ ಎರಡು ಗ್ರಂಥ ಇವು), 2026ರಲ್ಲಿ ಹಳೆಯ ಒಡಂಬಡಿಕೆ, ಆಮೇಲೆ ಹೊಸ ಒಡಂಬಡಿಕೆ. ಚಿಕ್ಕ ಮಕ್ಕಳ ಕ್ಲಾಸಿನಿಂದ ಹಿಡಿದು ದೊಡ್ಡವರ ಕ್ಲಾಸಿನವರೆಗೆ ಎಲ್ಲರಿಗೂ ಆ ವಾರ ಅದೇ ಭಾಗ. ಹಾಗಾಗಿ ಪಾಠ ತಯಾರಿ ಅಂತ ಬೇರೆ ಹೊರೆ ಹೊರಬೇಕಾಗಿಲ್ಲ. ದಿನದಿನದ ಓದೇ ನಿನ್ನ ತಯಾರಿ.

ಆದರೆ ಓದುವುದರಲ್ಲಿ ಅವಸರ ಬೇಡ. ಹೊಸಬರಲ್ಲಿ ಅನೇಕರು ಮಾರ್ಮನ್ ಗ್ರಂಥವನ್ನು ಒಂದೇ ಉಸಿರಿಗೆ ಮುಗಿಸುವ ಹುರುಪಿನಲ್ಲಿ ಶುರುಮಾಡುತ್ತಾರೆ. ಅದರ ಮೊದಲ ಪುಸ್ತಕ ಒಂದನೇ ನೆಫಿ ಸಲೀಸಾಗಿ ಸಾಗುತ್ತದೆ, ಅದು ಒಂದು ಸಂಸಾರ ಜೆರುಸಲೇಮ್ ಬಿಟ್ಟು ಹೊರಟ ಕಥೆ. ಎರಡನೇ ನೆಫಿಯ 12ನೇ ಅಧ್ಯಾಯಕ್ಕೆ ಬಂದಾಗ ಬಂಡಿ ಹೂತುಕೊಳ್ಳುತ್ತದೆ. ಅಲ್ಲಿಂದ 24ನೇ ಅಧ್ಯಾಯದವರೆಗೆ ಇರುವುದು ಪ್ರವಾದಿ ಯೆಶಾಯನ ಮಾತು. ಅಲ್ಲಿ ಸಿಕ್ಕಿಬಿದ್ದರೆ ಒಂದು ಉಪಾಯ ಮಾಡು. ನಿನ್ನ ಕನ್ನಡ ಸತ್ಯವೇದದಲ್ಲಿ ಯೆಶಾಯನ ಪುಸ್ತಕದ 2ರಿಂದ 14ನೇ ಅಧ್ಯಾಯಗಳನ್ನು ತೆರೆದು ಪಕ್ಕದಲ್ಲಿಟ್ಟುಕೊ. ಹೆಚ್ಚುಕಡಿಮೆ ಅದೇ ಭಾಗ ತಾಯ್ನುಡಿಯಲ್ಲಿ ಸಿಗುತ್ತದೆ. ಮೂರನೇ ನೆಫಿಯ 12ರಿಂದ 14ನೇ ಅಧ್ಯಾಯಗಳಿಗೂ ಹೀಗೆಯೇ ಮತ್ತಾಯನ ಸುವಾರ್ತೆಯ 5, 6, 7ನೇ ಅಧ್ಯಾಯಗಳು ಜೊತೆಗಿವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದುವಾಗ ಎಲ್ಲಿ ಒಂದೇ ಇದೆ, ಎಲ್ಲಿ ಬೇರೆಯಾಗುತ್ತದೆ ಅಂತ ಗಮನಿಸು. ಆ ವ್ಯತ್ಯಾಸಗಳ ಹತ್ತಿರವೇ ಒಳ್ಳೆಯ ಪ್ರಶ್ನೆಗಳು ಹುಟ್ಟುತ್ತವೆ.

ಪ್ರಶ್ನೆ ಇಟ್ಟುಕೊಂಡು ಓದುವುದು ನಮ್ಮ ಸಭೆಗೆ ಬುನಾದಿಯಿಂದ ಬಂದ ಅಭ್ಯಾಸ. ಜೋಸೆಫ್ ಸ್ಮಿತ್ ಹದಿನಾಲ್ಕರ ಹುಡುಗನಾಗಿದ್ದಾಗ ಊರಿನ ಚರ್ಚುಗಳೆಲ್ಲ ಒಂದೊಂದು ಹೇಳುತ್ತಿದ್ದವು. ಯಾವುದು ಸರಿ ಎಂಬ ಗೊಂದಲದಲ್ಲಿದ್ದಾಗ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ ಐದನೇ ವಚನ ಅವರ ಕಣ್ಣಿಗೆ ಬಿತ್ತು. ತಿಳಿವಳಿಕೆ ಕಡಿಮೆಯಿದ್ದವರು ದೇವರನ್ನೇ ಕೇಳಲಿ ಎನ್ನುವ ವಚನ ಅದು. 1820ರ ವಸಂತದಲ್ಲಿ ಅವರು ಮನೆ ಹತ್ತಿರದ ತೋಪಿಗೆ ಹೋಗಿ ಪ್ರಾರ್ಥಿಸಿದರು, ಅಲ್ಲಿ ಉತ್ತರ ಸಿಕ್ಕಿತು ಎಂಬುದು ನಮ್ಮ ನಂಬಿಕೆ. ಒಂದು ವಚನ, ಅದರ ಮುಂದೆ ನಿಜವಾದ ಒಂದು ಪ್ರಶ್ನೆ. ನಿನ್ನ ಬೆಳಗಿನ ಓದಿಗೆ ಅಷ್ಟು ಸಾಕು.

ಮಾರ್ಮನ್ ಗ್ರಂಥದಲ್ಲಿರುವ ಈನಸ್‌ನ ಪುಸ್ತಕದಿಂದ ಶುರುಮಾಡು ಅಂತ ನನ್ನ ಸಲಹೆ. ಒಂದೇ ಅಧ್ಯಾಯ, 27 ವಚನ. ಬೇಟೆಗೆಂದು ಕಾಡಿಗೆ ಹೋದ ಈನಸ್‌ಗೆ ಅಪ್ಪ ಆಗಾಗ ಹೇಳುತ್ತಿದ್ದ ಮಾತು ಮನಸ್ಸಿಗೆ ನಾಟುತ್ತದೆ. ಮಂಡಿಯೂರಿ ಹಗಲಿಡೀ ಪ್ರಾರ್ಥಿಸುತ್ತಾನೆ, ಕತ್ತಲಾದರೂ ಬಿಡುವುದಿಲ್ಲ. ಮೊದಲು ತನಗಾಗಿ ಬೇಡುತ್ತಾನೆ. ಪಾಪ ಕ್ಷಮೆಯಾಯಿತು ಎಂಬ ಸಮಾಧಾನ ಸಿಕ್ಕಿದ ಕೂಡಲೇ ತನ್ನವರಾದ ನೆಫಿಯರಿಗಾಗಿ ಬೇಡುತ್ತಾನೆ. ಅದೂ ಆದ ಮೇಲೆ ತನ್ನ ಜನರನ್ನು ನಾಶಮಾಡಲು ಹೊಂಚು ಹಾಕಿದ್ದ ಲಾಮನರಿಗಾಗಿಯೂ ಬೇಡುತ್ತಾನೆ. ಮೊದಲ ದಿನ ಇದನ್ನು ಗಟ್ಟಿಯಾಗಿ ಓದು, ಕಿವಿಗೆ ಬೀಳಲಿ. ಎರಡನೇ ದಿನ ಅವನು ಯಾರುಯಾರಿಗಾಗಿ ಬೇಡಿದ ಅಂತ ಗುರುತು ಹಾಕು. ಮೂರನೇ ದಿನ ನಿನ್ನ ಪ್ರಾರ್ಥನೆ ಈ ಮೂರರಲ್ಲಿ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ನೋಡಿಕೊ. ನಾಲ್ಕನೇ ದಿನ ಮಾತು ಬಿಟ್ಟ ಗೆಳತಿಯ ಹೆಸರೋ, ಆಫೀಸಿನಲ್ಲಿ ನಿನ್ನನ್ನು ಗೋಳುಹೊಯ್ದುಕೊಳ್ಳುವವರ ಹೆಸರೋ ಹೇಳಿ ಪ್ರಾರ್ಥಿಸು. ಭಾನುವಾರ ಮಕ್ಕಳನ್ನು ‘ನೀವು ಯಾರ ಜೊತೆ ಜಗಳ ಆಡಿದ್ದೀರಿ? ಅವರಿಗಾಗಿ ಪ್ರಾರ್ಥನೆ ಮಾಡೋಣವಾ?’ ಅಂತ ಕೇಳು. ಪಾಠ ತಾನಾಗಿ ನಡೆಯುತ್ತದೆ.

ದಿನಕ್ಕೆ ಎಷ್ಟು ಓದಬೇಕು ಅಂತ ಲೆಕ್ಕ ಇಡಬೇಡ. ಬೆಳಗ್ಗೆ ಮೊಬೈಲಿನ ಮೆಸೇಜು ನೋಡುವ ಮೊದಲೇ ಗ್ರಂಥ ತೆರೆ, ಅದೊಂದು ಶಿಸ್ತು ಸಾಕು. ಕೆಲಸದ ಒತ್ತಡದಲ್ಲಿ ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಓದಿ ಸರಿದೂಗಿಸಲು ಹೋಗಬೇಡ. ಶಕ್ತಿ ಮೀರಿ ಓಡಬೇಕಿಲ್ಲ, ಎಲ್ಲವೂ ಕ್ರಮವಾಗಿ ನಡೆಯಲಿ ಎಂದು ಬೆಂಜಮಿನ್ ರಾಜ ತನ್ನ ಜನರಿಗೆ ಹೇಳಿದ್ದು ಮಾರ್ಮನ್ ಗ್ರಂಥದ ಮೊಸಾಯನ ಪುಸ್ತಕದ ನಾಲ್ಕನೇ ಅಧ್ಯಾಯದಲ್ಲಿದೆ. ಬೇಡುವವನನ್ನು ಬರಿಗೈಲಿ ಕಳಿಸಬೇಡಿ, ದೇವರ ಮುಂದೆ ನಾವೆಲ್ಲ ಬೇಡುವವರೇ ಎಂದು ಅವನು ಹೇಳುವುದೂ ಅದೇ ಅಧ್ಯಾಯದಲ್ಲಿ. ಕೊಡುವುದಕ್ಕೂ ಓದುವುದಕ್ಕೂ ಆ ಹದ ಬೇಕು.

ಸೇಕ್ರಮೆಂಟ್ ಹಂಚುವ ಹೊತ್ತನ್ನು ಹತ್ತಿರದಿಂದ ಗಮನಿಸು. ಮೇಜಿನ ಮೇಲೆ ಬಿಳಿ ಬಟ್ಟೆ, ತುಂಡುಮಾಡಿದ ರೊಟ್ಟಿಯ ತಟ್ಟೆ, ಪುಟ್ಟ ಲೋಟಗಳಲ್ಲಿ ನೀರು. ಹದಿನಾರು ಹದಿನೇಳರ ಹುಡುಗ ಮಂಡಿಯೂರಿ ಪ್ರಾರ್ಥನೆ ಓದುತ್ತಾನೆ. ಮಾತು ಅಕ್ಷರಶಃ ಸರಿಯಾಗಿರಬೇಕು. ಒಂದು ಪದ ತಪ್ಪಿದರೂ ಮತ್ತೆ ಮೊದಲಿನಿಂದ ಓದುತ್ತಾನೆ. ಅವನು ತಡವರಿಸಿದಾಗ ಸಭೆಯಲ್ಲಿ ಯಾರೂ ಗೊಣಗುವುದಿಲ್ಲ, ತಲೆ ಬಗ್ಗಿಸಿ ಕಾಯುತ್ತಾರೆ. ಆ ಮಾತುಗಳು ಮೊರೋನಿಯ ಪುಸ್ತಕದ 4 ಮತ್ತು 5ನೇ ಅಧ್ಯಾಯಗಳಲ್ಲಿವೆ. ಮನೆಯಲ್ಲಿ ಅವನ್ನು ಮೊದಲೇ ಓದಿಕೊಂಡು ಬಂದರೆ, ಯೇಸುವಿನ ಹೆಸರು ಹೊರುತ್ತೇವೆ, ಅವರನ್ನು ಸದಾ ನೆನೆಯುತ್ತೇವೆ ಎಂದು ನೀನೇ ಮಾತು ಕೊಡುತ್ತಿದ್ದೀಯೆ ಎಂಬ ಅರಿವಿನಿಂದ ರೊಟ್ಟಿ ತೆಗೆದುಕೊಳ್ಳುತ್ತೀಯೆ. ತಡವರಿಸಿದ ಆ ಹುಡುಗನಿಗೆ ಸಿಕ್ಕ ತಾಳ್ಮೆ ಪಾಠ ಮಾಡುವಾಗ ನಿನಗೂ ಸಿಗುತ್ತದೆ, ಧೈರ್ಯವಾಗಿರು.

ತಿಂಗಳ ಮೊದಲ ಭಾನುವಾರದ ಉಪವಾಸವನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಎರಡು ಹೊತ್ತಿನ ಊಟ ಬಿಟ್ಟು, ಉಳಿದ ದುಡ್ಡನ್ನು, ಸಾಧ್ಯವಾದರೆ ಅದಕ್ಕಿಂತ ಹೆಚ್ಚನ್ನು ಉಪವಾಸದ ಕಾಣಿಕೆಯಾಗಿ ಕೊಡುತ್ತೇವೆ. ಬಿಷಪ್ ಅದನ್ನು ಕಷ್ಟದಲ್ಲಿರುವವರಿಗೆ ಗುಟ್ಟಾಗಿ ತಲುಪಿಸುತ್ತಾರೆ. ಆರೋಗ್ಯ ಸರಿಯಿಲ್ಲದಿದ್ದರೆ ಹಠ ಮಾಡಿ ಉಪವಾಸ ಕೂರಬೇಡ. ಆ ದಿನ ಸಭೆಯಲ್ಲಿ ನಿನ್ನ ವಿಶ್ವಾಸದ ಸಾಕ್ಷಿ ಹೇಳಲು ಎದ್ದು ನಿಂತರೆ ಉದ್ದದ ಭಾಷಣ ಬೇಕಿಲ್ಲ. ಆ ತಿಂಗಳು ಓದಿದ್ದರಲ್ಲಿ ನಿಜ ಅಂತ ಅನುಭವಕ್ಕೆ ಬಂದ ಒಂದು ಸಂಗತಿ ಹೇಳಿ ಕೂತುಕೊ.

ಇನ್ನು ನಮ್ಮ ಸಭೆಗೆ ಸೇರದ ನಿನ್ನ ಮನೆಯವರ ವಿಚಾರ. ಕಾಫಿ, ಟೀ, ಮದ್ಯ, ಹೊಗೆಸೊಪ್ಪು ಬಿಡುವ ನಿಯಮ 1833ರಲ್ಲಿ ಬಂದದ್ದು. ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಬರುವುದು ಫಿಲ್ಟರ್ ಕಾಫಿ. ‘ಅದು ನಮಗೆ ನಿಷಿದ್ಧ’ ಅಂತ ಉಪದೇಶ ಶುರುಮಾಡಿ ದೊಡ್ಡಮ್ಮನ ಮನಸ್ಸು ನೋಯಿಸಬೇಡ. ‘ದೊಡ್ಡಮ್ಮ, ನನಗೆ ಮಜ್ಜಿಗೆ ಕೊಡಿ’ ಅನ್ನು, ಜೀರಿಗೆ ಕಷಾಯ ಕೇಳು, ಅದಕ್ಕೆ ಅಡ್ಡಿಯಿಲ್ಲ. ಹಬ್ಬದ ದಿನ ಮನೆಯವರ ಜೊತೆ ಊಟಕ್ಕೆ ಕೂರು, ಪಾತ್ರೆ ತೊಳೆಯಲು ಅಮ್ಮನಿಗೆ ಕೈಜೋಡಿಸು. ಅಮ್ಮ ಕೈಮುಗಿಯುವ ದೇವರ ಬಗ್ಗೆ ಒಂದು ಹಗುರವಾದ ಮಾತೂ ನಿನ್ನ ಬಾಯಿಂದ ಬರಕೂಡದು. 1842ರಲ್ಲಿ ಷಿಕಾಗೋದ ಪತ್ರಿಕಾ ಸಂಪಾದಕ ಜಾನ್ ವೆಂಟ್‌ವರ್ತ್‌ಗೆ ಜೋಸೆಫ್ ಸ್ಮಿತ್ ಬರೆದ ಪತ್ರದಲ್ಲಿ ನಮ್ಮ ಹದಿಮೂರು ವಿಶ್ವಾಸಸೂತ್ರಗಳಿವೆ. ಅದರಲ್ಲಿ ಹನ್ನೊಂದನೆಯದು ಎಲ್ಲರಿಗೂ ಅವರವರ ಇಷ್ಟದಂತೆ ಆರಾಧಿಸುವ ಹಕ್ಕನ್ನು ಒಪ್ಪುತ್ತದೆ. ಪ್ರೈಮರಿ ಮಕ್ಕಳಿಗೆ ಕಲಿಸುವ ಸೂತ್ರ ಅದು. ಕಲಿಸುವವಳ ಮನೆಯಲ್ಲಿ ಅದು ಮೊದಲು ನಡೆಯಬೇಕು.

ನಮ್ಮ ಇತಿಹಾಸದ ಬಗ್ಗೆ ಕಷ್ಟದ ಪ್ರಶ್ನೆಗಳು ನಿನ್ನೆದುರು ಬಂದೇ ಬರುತ್ತವೆ. ಹಿಂದೆ ನಮ್ಮಲ್ಲಿ ಬಹುಪತ್ನಿತ್ವ ಇತ್ತು. ಅದನ್ನು ನಿಲ್ಲಿಸುವ ಘೋಷಣೆ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಅವರಿಂದ ಬಂದದ್ದು 1890ರಲ್ಲಿ. ಆಫ್ರಿಕನ್ ಮೂಲದ ಗಂಡಸರಿಗೆ ಯಾಜಕತ್ವ ಸಿಗದ ಕಾಲವೂ ಇತ್ತು, ಆ ನಿರ್ಬಂಧ 1978ರಲ್ಲಿ ಹೋಯಿತು. ಬೇರೆ ಕ್ರೈಸ್ತ ಸಭೆಗಳು ಮಾರ್ಮನ್ ಗ್ರಂಥವನ್ನು ದೇವರ ವಾಕ್ಯವೆಂದು ಒಪ್ಪುವುದಿಲ್ಲ. ಇವನ್ನು ಮುಚ್ಚಿಡಬೇಡ, ಕೇಳಿದವರ ಮೇಲೆ ಸಿಟ್ಟೂ ಬೇಡ. ಇಂಥ ಹಲವು ವಿಷಯಗಳ ಬಗ್ಗೆ ಚರ್ಚ್ 2013ರಿಂದೀಚೆಗೆ ದೀರ್ಘ ಲೇಖನಗಳನ್ನೇ ಪ್ರಕಟಿಸಿದೆ. ಅವನ್ನು ಓದು, ಹೊರಗಿನ ಒಳ್ಳೆಯ ಇತಿಹಾಸಕಾರರನ್ನೂ ಓದು, ನೋವಾದರೆ ನೋವಾಯಿತು ಅಂತ ಬಾಯಿಬಿಟ್ಟು ಹೇಳು. ಅಧ್ಯಯನದಿಂದಲೂ ವಿಶ್ವಾಸದಿಂದಲೂ ಕಲಿಯಿರಿ ಎಂದು ಡಾಕ್ಟ್ರಿನ್ ಅಂಡ್ ಕವೆನೆಂಟ್ಸ್‌ನ 88ನೇ ಪ್ರಕರಣ ಎರಡನ್ನೂ ಜೊತೆಯಾಗಿಯೇ ಹೇಳುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಹಿಡಿದವರು ಕುಂಟುವುದನ್ನು ನಾನು ಕಂಡಿದ್ದೇನೆ.

ಬೆಂಗಳೂರಿನಲ್ಲಿ ದೇವಾಲಯ ಕಟ್ಟುವ ಸುದ್ದಿ 2018ರ ಏಪ್ರಿಲ್‌ನಲ್ಲಿ ಬಂದಾಗ ನಮ್ಮವರೆಷ್ಟೋ ಜನ ಅತ್ತುಬಿಟ್ಟರು. ಭಾರತದಲ್ಲಿ ಅದೇ ಮೊದಲನೆಯದು. ಆ ಕಟ್ಟಡದ ಮೇಲೆ ನನಗೂ ಅಭಿಮಾನವಿದೆ. ಆದರೂ ಸಭೆ ನಿಂತಿರುವುದು ಒಬ್ಬರು ಇನ್ನೊಬ್ಬರ ಭಾರ ಹೊರುವುದರ ಮೇಲೆ. ಮಾರ್ಮನ್ ಎಂಬ ಸ್ಥಳದ ನೀರಿನ ಬಳಿ ದೀಕ್ಷಾಸ್ನಾನಕ್ಕೆ ಬಂದವರನ್ನು ಪ್ರವಾದಿ ಆಲ್ಮಾ ಕೇಳಿದ್ದು ಇದನ್ನೇ: ಅಳುವವರ ಜೊತೆ ಅಳಲು ಸಿದ್ಧರಿದ್ದೀರಾ? ಈ ಮಾತು ಮೊಸಾಯನ 18ನೇ ಅಧ್ಯಾಯದಲ್ಲಿದೆ. ನಮ್ಮ ಹೆಂಗಸರ ಸಂಘವಾದ ರಿಲೀಫ್ ಸೊಸೈಟಿಯ ಅಕ್ಕಂದಿರು ಬಾಣಂತಿಯ ಮನೆಗೆ ಸಾರಿನ ಪಾತ್ರೆ ಹಿಡಿದು ಹೋಗುವಾಗ ಆ ಅಧ್ಯಾಯವನ್ನೇ ನಡೆಸಿಕೊಡುತ್ತಾರೆ. ನಿನ್ನನ್ನೂ ಕರೆದರೆ ಹೋಗು.

ಈ ವಾರಕ್ಕೆ ಒಂದು ಕೆಲಸ ಹೇಳುತ್ತೇನೆ. ಮೊರೋನಿಯ ಪುಸ್ತಕದ ಆರನೇ ಅಧ್ಯಾಯ ಓದು, ಒಂಬತ್ತೇ ವಚನ. ಸಭೆ ಸೇರಿದವರ ಹೆಸರು ಬರೆದಿಟ್ಟದ್ದು ಯಾಕೆ ಅಂತ ಅಲ್ಲಿದೆ: ಅವರನ್ನು ಮರೆಯದೆ ನೆನೆದು, ದೇವರ ಒಳ್ಳೆಯ ವಾಕ್ಯದಿಂದ ಪೋಷಿಸಲು. ಓದಿದ ಮೇಲೆ ನಿನ್ನ ಕ್ಲಾಸಿನ ಹೆಸರುಗಳ ಪಟ್ಟಿ ಕೇಳಿ ಪಡೆದುಕೊ. ಒಂದೊಂದು ಹೆಸರನ್ನೂ ಪ್ರಾರ್ಥನೆಯಲ್ಲಿ ಎತ್ತಿ ಹೇಳು. ಕೆಲವು ವಾರದಿಂದ ಬಾರದ ಮಗು ಯಾವುದು ಅಂತ ವಿಚಾರಿಸಿ, ಶನಿವಾರದೊಳಗೆ ಆ ತಾಯಿಗೆ ಫೋನ್ ಮಾಡು. ಯಾಕೆ ಬರಲಿಲ್ಲ ಅಂತ ಕೇಳಬೇಡ. ಹೇಗಿದ್ದೀರಿ ಅಂತ ಕೇಳು. ಪಾಠದಲ್ಲಿ ಏನು ಹೇಳಲಿ ಎಂಬ ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಆ ಫೋನಿನಲ್ಲೇ ಸಿಗುತ್ತದೆ, ಉಳಿದರ್ಧ ಮಕ್ಕಳೇ ಕೊಡುತ್ತಾರೆ.